ಕೋವಿಡ್ ಲಸಿಕೆ ಮತ್ತು ಜನರ ಧೋರಣೆ: ಹೆಬ್ಬಗೋಡಿ

ಹೆಬ್ಬಗೋಡಿ ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿನ ಊರು. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶಕ್ಕೂ ನಡುವೆ ಇದೆ. ಜೈವಿಕ ಔಷಧಗಳಿಗೆ ಹೆಸರಾದ ಬಯೋಕಾನ್ ಇಲ್ಲಿಯದು; ನಾರಾಯಣ ಹೆಲ್ತ್ ಸಿಟಿ ಪಕ್ಕದ ಬೊಮ್ಮಸಂದ್ರದಲ್ಲಿದೆ. ವಿಜ್ಞಾನಿಗಳು ಓಡಾಡುವ ಇದೇ ರಸ್ತೆಯ ಆಚೀಚೆ, ಉತ್ತರ ಕರ್ನಾಟಕ, ಬಿಹಾರ, ಒಡಿಶಾಗಳಿಂದ ದುಡಿಯಲು ಬಂದವರ ಬಾಡಿಗೆ ಕೋಣೆಗಳಿವೆ. ಹಾಗಾಗಿ ಲಸಿಕೆಯ ಬಗ್ಗೆ ಊರಿಗೆಲ್ಲ ಒಂದೇ ಅಭಿಪ್ರಾಯವಿತ್ತು ಎನ್ನಲಾಗದು.

ಭಾರತದಲ್ಲಿ ಲಸಿಕೆ ಅಭಿಯಾನ 2021ರ ಜನವರಿ 16ರಂದು ಆರೋಗ್ಯ ಸಿಬ್ಬಂದಿಯಿಂದ ಆರಂಭವಾಯಿತು. ಮೊದಮೊದಲು ಅನುಮಾನವೇ ಮುಂದಿತ್ತು. ಮೂರನೇ ಹಂತದ ಪ್ರಯೋಗ ಮುಗಿಯುವ ಮುನ್ನವೇ ಕೋವ್ಯಾಕ್ಸಿನ್‌ಗೆ ಅನುಮತಿ ಕೊಟ್ಟದ್ದನ್ನು ವೈದ್ಯರಲ್ಲೇ ಕೆಲವರು ಪ್ರಶ್ನಿಸಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಮುಟ್ಟಿನ ದಿನಗಳಲ್ಲಿ ಲಸಿಕೆ ಬೇಡವೆಂಬ ವಾಟ್ಸ್‌ಆ್ಯಪ್ ಸಂದೇಶ ಹಾಗಲ್ಲ, ಶುದ್ಧ ಸುಳ್ಳು. ಅದನ್ನು ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಅಲ್ಲಗಳೆಯಬೇಕಾಯಿತು. ಸೂಜಿ ಚುಚ್ಚಿಸಿಕೊಂಡ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ. ಸಂಬಳದ ರಜೆ ಇದ್ದವರಿಗೆ ಅದು ದೊಡ್ಡ ಮಾತಲ್ಲ. ಗುತ್ತಿಗೆ ಕೆಲಸದವರಿಗೆ ಅಷ್ಟು ದಿನದ ಕೂಲಿ ಹೋದಂತೆಯೇ. ಇಂಥ ಹಿಂಜರಿಕೆಯನ್ನು ಅಜ್ಞಾನ ಎಂದು ಕರೆದದ್ದು ತಪ್ಪು.

ಎರಡನೇ ಅಲೆ ಎಲ್ಲವನ್ನೂ ತಿರುವುಮುರುವು ಮಾಡಿತು. ಮೇ ತಿಂಗಳಲ್ಲಿ ಬೇಡಿಕೆ ಏರಿತು, ದಾಸ್ತಾನು ಬರಿದಾಯಿತು. 18ರಿಂದ 44 ವರ್ಷದವರಿಗೆ ಮೇ 10ರಂದು ಲಸಿಕೆ ಆರಂಭಿಸಿದ ರಾಜ್ಯ ಸರ್ಕಾರ, ನಾಲ್ಕೇ ದಿನಕ್ಕೆ ಅದನ್ನು ನಿಲ್ಲಿಸಿತು. ಆ ವಯಸ್ಸಿನವರು ಮೊದಲು ಲಸಿಕೆ ನೋಂದಣಿಯ ಜಾಲತಾಣ ಕೋವಿನ್‌ನಲ್ಲಿ ಸ್ಲಾಟ್ ಹಿಡಿಯಲೇಬೇಕಿತ್ತು, ಆಗ ಕೋವಿನ್‌ನಲ್ಲಿ ಕನ್ನಡವೂ ಇರಲಿಲ್ಲ. ಒಳ್ಳೆಯ ಇಂಟರ್‌ನೆಟ್ ಇದ್ದ ಬೆಂಗಳೂರಿನವರು ಹಳ್ಳಿ ಕೇಂದ್ರಗಳ ಸ್ಲಾಟುಗಳನ್ನೂ ಬಾಚಿಕೊಂಡು ಕಾರಿನಲ್ಲಿ ಹೋಗಿ ಬಂದರು. ಕಚೇರಿಯಲ್ಲೇ ಲಸಿಕೆ ಕೊಡಿಸಲು ಕನಿಷ್ಠ ನೂರು ಮಂದಿ ಇರಬೇಕೆಂಬ ನಿಯಮವೂ ಸಣ್ಣ ಶೆಡ್ಡುಗಳಿಗಿಂತ ದೊಡ್ಡ ಕಂಪನಿಗಳಿಗೇ ಒಗ್ಗುವಂಥದು. ಜೂನ್ 21ರಿಂದ ವಯಸ್ಕರೆಲ್ಲರಿಗೂ ಸರ್ಕಾರಿ ಕೇಂದ್ರಗಳಲ್ಲಿ ಲಸಿಕೆ ಉಚಿತವಾಯಿತು.

ಅನುಮಾನ ಮಾತ್ರ ಪೂರ್ತಿ ಅಳಿಯಲಿಲ್ಲ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟಬಹುದೆಂದು ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡ ಸುದ್ದಿ 2024ರಲ್ಲಿ ಹಳೆಯ ಭಯವನ್ನು ಕೆದಕಿತು. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಬಗ್ಗೆ ಮಾತನಾಡುತ್ತ ಮುಖ್ಯಮಂತ್ರಿ ಸಿದ್ದರಾಮಯ್ಯ, ತರಾತುರಿಯಲ್ಲಿ ಅನುಮತಿ ಪಡೆದ ಲಸಿಕೆಯೂ ಕಾರಣವಿರಬಹುದು ಎಂದರು. ಅವಸರದ ಅನುಮತಿ ಎಂಬ ಮಾತು ವಾಸ್ತವಕ್ಕೆ ದೂರ ಎಂದು ಬಯೋಕಾನ್ ಸ್ಥಾಪಕಿ ಕಿರಣ್ ಮಜುಂದಾರ್ ಷಾ ಬಹಿರಂಗವಾಗಿ ಉತ್ತರಿಸಿದರು. ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಅದೇ ತಿಂಗಳು ವರದಿ ಕೊಟ್ಟಿತು: ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಕೋವಿಡ್ ಲಸಿಕೆಗೂ ಸಂಬಂಧ ಕಂಡುಬಂದಿಲ್ಲ.