ಮೂರನೆಯ ಸ್ಥಾನದವರ ಗೆಲುವು

ಸರಕಾರ ರಸ್ತೆ ಮಾಡಿಸಿದರೆ ಮೊದಲ ಮಳೆಗೇ ಅದರ ಗುಣ ಗೊತ್ತಾಗುತ್ತದೆ. ಗುಂಡಿ ಎಲ್ಲರಿಗೂ ಕಾಣುತ್ತದೆ. ಸರಕಾರ ಸಾಫ್ಟ್‌ವೇರ್ ಕೊಂಡರೆ ಹಾಗಲ್ಲ. ಅದರೊಳಗಿನ ಗುಂಡಿ ಬಿದ್ದವನಿಗೆ ಮಾತ್ರ ತಿಳಿಯುತ್ತದೆ, ಅವನ ಮಾತನ್ನು ನಂಬುವವರು ಇರುವುದಿಲ್ಲ. ಬ್ರಿಟನ್ನಿನ ಅಂಚೆ ಕಚೇರಿಗಳ ‘ಹೊರೈಜನ್’ ಹಗರಣ ಈಗ ಜಗತ್ತಿಗೆಲ್ಲ ಗೊತ್ತು. ಅದರ ಬಗ್ಗೆ ಓದಿದಾಗಲೆಲ್ಲ ನನ್ನ ಮನಸ್ಸು ಕೋರ್ಟಿನ ಕಥೆಯನ್ನು ದಾಟಿ ಹಿಂದಕ್ಕೆ, ಅದರ ಟೆಂಡರಿನ ಕಡೆಗೆ ಹೋಗುತ್ತದೆ.

ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಪಿಂಚಣಿದಾರರು ಚೀಟಿ ಪುಸ್ತಕ ಹಿಡಿದು ಅಂಚೆ ಕಚೇರಿಗೆ ಹೋಗುತ್ತಿದ್ದರು. ವಾರಕ್ಕೊಂದು ಚೀಟಿ ಹರಿದು ಕೊಟ್ಟರೆ ಹಣ ಸಿಗುತ್ತಿತ್ತು. ಈ ಪುಸ್ತಕಗಳು ಕಳುವಾಗುತ್ತಿದ್ದವು, ಸುಳ್ಳು ಸಹಿಗಳೂ ನಡೆಯುತ್ತಿದ್ದವು. ಹಾಗಾಗಿ ಚೀಟಿಯ ಬದಲು ಮ್ಯಾಗ್ನೆಟಿಕ್ ಕಾರ್ಡ್ ಕೊಡುವುದು, ದೇಶದ ಸುಮಾರು 19,000 ಅಂಚೆ ಕಚೇರಿಗಳಿಗೆ ಕಂಪ್ಯೂಟರ್ ಹಾಕುವುದು ಎಂದು ತೀರ್ಮಾನವಾಯಿತು. ಕೊಳ್ಳುವವರು ಇಬ್ಬರು: ಸಮಾಜ ಭದ್ರತಾ ಇಲಾಖೆ ಮತ್ತು ಅಂಚೆ ಸಂಸ್ಥೆ. ಇಲಾಖೆಗೆ ಹಣ ಹಂಚುವ ಖರ್ಚು ಇಳಿಯಬೇಕಿತ್ತು. ಅಂಚೆ ಸಂಸ್ಥೆಗೆ ಜನ ಕೌಂಟರಿಗೆ ಬರುವುದು ನಿಲ್ಲಬಾರದಿತ್ತು. ಎರಡೆತ್ತು ಎರಡು ದಿಕ್ಕಿಗೆ ಎಳೆಯುವ ಗಾಡಿಯಂತೆ ಯೋಜನೆ ಹೊರಟಿತು.

ಆ ಕಾಲದಲ್ಲಿ ಬ್ರಿಟಿಷ್ ಸರಕಾರಕ್ಕೆ ಹೊಸದೊಂದು ಮಂತ್ರ ಸಿಕ್ಕಿತ್ತು. 1992ರಲ್ಲಿ ಶುರುವಾದ ಖಾಸಗಿ ಬಂಡವಾಳ ಯೋಜನೆಯಂತೆ ಗುತ್ತಿಗೆದಾರನೇ ತನ್ನ ಹಣ ಹಾಕಿ ವ್ಯವಸ್ಥೆ ಕಟ್ಟಬೇಕು. ಅದು ಕೆಲಸ ಮಾಡಿದಾಗ ಮಾತ್ರ, ಬಳಕೆಗೆ ತಕ್ಕಂತೆ ಅವನಿಗೆ ಹಣ ಸಿಗುತ್ತದೆ. ಕೆಟ್ಟರೆ ನಷ್ಟ ಅವನದು. ಇದಕ್ಕೆ ಇಟ್ಟ ಹೆಸರು ‘ಅಪಾಯದ ವರ್ಗಾವಣೆ’. ಕೇಳಲು ಬಹಳ ಚೆನ್ನಾಗಿದೆ.

ಕೊನೆಯ ಸುತ್ತಿನಲ್ಲಿ ಮೂವರು ಉಳಿದರು. 1996ರ ಮೇ ತಿಂಗಳಲ್ಲಿ ಗುತ್ತಿಗೆ ಸಿಕ್ಕಿದ್ದು ಐಸಿಎಲ್ ಕಂಪನಿಯ ‘ಪಾತ್‌ವೇ’ಗೆ. ಐಸಿಎಲ್‌ನ ಬಹುಪಾಲು ಷೇರು ಆಗಲೇ ಜಪಾನಿನ ಫುಜಿತ್ಸು ಕೈಯಲ್ಲಿತ್ತು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2000ದಲ್ಲಿ ಹೊರತಂದ ವರದಿಯಲ್ಲಿ ಒಂದು ವಿವರವಿದೆ. ತಾಂತ್ರಿಕ ಹಾಗೂ ನಿರ್ವಹಣೆಯ 11 ಮಾನದಂಡಗಳ ಪೈಕಿ 8ರಲ್ಲಿ ಪಾತ್‌ವೇಗೆ ಸಿಕ್ಕಿದ್ದು ಮೂರನೆಯ ಸ್ಥಾನ. ಇದ್ದದ್ದೇ ಮೂವರು! ಆದರೂ ಗೆದ್ದದ್ದು ಎರಡು ಕಾರಣಕ್ಕೆ. ಅವರ ದರ ಕಡಿಮೆ, ನಮ್ಮ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ ಅವರೇ ‘ಎಲ್-ಒನ್’. ಜೊತೆಗೆ ಅಪಾಯವನ್ನು ಸರಕಾರ ಬಯಸಿದಷ್ಟು ಹೊತ್ತುಕೊಳ್ಳಲು ಒಪ್ಪಿದವರೂ ಅವರೇ.

ಆ ಅಪಾಯ ಗುತ್ತಿಗೆದಾರನ ಹೆಗಲ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಕೆಲಸ ತಡವಾಗುತ್ತಾ ಹೋಯಿತು. 1999ರ ಮೇ ತಿಂಗಳಲ್ಲಿ ಸರಕಾರ ಕಾರ್ಡ್ ಯೋಜನೆಯನ್ನೇ ಕೈಬಿಟ್ಟಿತು. ಐಸಿಎಲ್ 18 ಕೋಟಿ ಪೌಂಡ್ ನಷ್ಟ ಬರೆದುಕೊಂಡಿತು. ಕಾರ್ಡ್ ಹೋಯಿತು, ಕಂಪ್ಯೂಟರ್‌ಗಳು ಉಳಿದವು. ಪಿಂಚಣಿ ಹಂಚುವುದು ಮುಖ್ಯ ಕೆಲಸವಾಗಿದ್ದ ವ್ಯವಸ್ಥೆ ಈಗ ಮುಖ್ಯವಾಗಿ ಅಂಚೆ ಕಚೇರಿಗಳ ಲೆಕ್ಕದ ಪುಸ್ತಕವಾಯಿತು. ಅದೇ ಹೊರೈಜನ್.

ಹಳ್ಳಿಯ ಅಂಗಡಿಯ ಮೂಲೆಯಲ್ಲಿ ಅಂಚೆ ಕೌಂಟರ್ ನಡೆಸುವ ಉಪ ಅಂಚೆಪಾಲಕರು ಸಂಸ್ಥೆಯ ನೌಕರರಲ್ಲ, ಅವರದೂ ಒಂದು ಕರಾರು. ತಮ್ಮ ಅಜಾಗರೂಕತೆಯಿಂದ ಹಣ ಕಡಿಮೆ ಬಿದ್ದರೆ ಅವರೇ ತುಂಬಿಕೊಡಬೇಕು. ಸಂಸ್ಥೆ ಅದನ್ನು ‘ಪರದೆಯ ಮೇಲೆ ಕಡಿಮೆ ಬಿದ್ದರೆ ತುಂಬಬೇಕು’ ಎಂದೇ ಓದಿತು. ಪರದೆಯ ಲೆಕ್ಕ ತಪ್ಪಿದ್ದರೆ? ಅದನ್ನು ತೋರಿಸಲು ಬೇಕಾದ ಮೂಲ ದಾಖಲೆ ಇದ್ದದ್ದು ಗುತ್ತಿಗೆದಾರನ ಬಳಿ. ಅಂಥ ದಾಖಲೆಯನ್ನು ವರ್ಷಕ್ಕೆ ಇಂತಿಷ್ಟು ಸಲ ಮಾತ್ರ ಕೇಳಬಹುದು ಎಂಬ ಮಿತಿ ಒಪ್ಪಂದದಲ್ಲಿತ್ತು. ಸತ್ಯಕ್ಕೂ ಮೀಟರ್ ಅಳವಡಿಸಲಾಗಿತ್ತು.

ಕಾನೂನೂ ಅದೇ ಹೊತ್ತಿಗೆ ಮಗ್ಗುಲು ಬದಲಿಸಿತು. ಇಂಗ್ಲೆಂಡಿನಲ್ಲಿ 1984ರ ಕಾಯ್ದೆಯ ಪ್ರಕಾರ, ಕಂಪ್ಯೂಟರ್ ಸಾಕ್ಷ್ಯ ಒಡ್ಡುವವರು ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ತೋರಿಸಬೇಕಿತ್ತು. 1999ರಲ್ಲಿ ಆದ ತಿದ್ದುಪಡಿ 2000ದಲ್ಲಿ ಜಾರಿಯಾಗಿ ಆ ನಿಯಮ ಹೋಯಿತು. ಯಂತ್ರ ಸರಿಯಿದೆ ಎಂಬ ಊಹೆಯಿಂದಲೇ ವಿಚಾರಣೆ ಶುರುವಾಗತೊಡಗಿತು.

ಮುಂದಿನದು ಗೊತ್ತೇ ಇದೆ. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಆರೋಪಗಳ ಮೇಲೆ ಶಿಕ್ಷೆಯಾಯಿತು. ಕೆಲವರು ಜೈಲು ಕಂಡರು, ಮನೆಮಠ ಮಾರಿದರು. ಅಲನ್ ಬೇಟ್ಸ್ ಮುಂದಾಳತ್ವದಲ್ಲಿ 555 ಮಂದಿ ಹೂಡಿದ ದಾವೆಯಲ್ಲಿ, ಹೊರೈಜನ್‌ನಲ್ಲಿ ದೋಷಗಳಿದ್ದವು, ಅವು ಲೆಕ್ಕವನ್ನು ಕೆಡಿಸಬಲ್ಲವಾಗಿದ್ದವು ಎಂದು 2019ರ ಡಿಸೆಂಬರಿನಲ್ಲಿ ನ್ಯಾಯಾಲಯ ಹೇಳಿತು. 2024ರಲ್ಲಿ ಸಂಸತ್ತು ಕಾಯ್ದೆ ಮಾಡಿ ಶಿಕ್ಷೆಗಳನ್ನು ಸಾರಾಸಗಟಾಗಿ ರದ್ದು ಮಾಡಬೇಕಾಯಿತು. ಕನಿಷ್ಠ 13 ಆತ್ಮಹತ್ಯೆಗಳಿಗೆ ಇದು ಕಾರಣವಾಗಿರಬಹುದು ಎಂದು ಸಾರ್ವಜನಿಕ ವಿಚಾರಣೆಯ 2025ರ ವರದಿ ಹೇಳಿತು.

ಬೇರೆಯವರು ಗೆದ್ದಿದ್ದರೆ ದೋಷಗಳೇ ಇರುತ್ತಿರಲಿಲ್ಲ ಎಂದು ನಾನು ಹೇಳಲಾರೆ. ದೋಷವಿಲ್ಲದ ಸಾಫ್ಟ್‌ವೇರ್ ಇಲ್ಲ. ಅಂಕಪಟ್ಟಿಯೊಂದೇ ಯಾರನ್ನೂ ಜೈಲಿಗೆ ಕಳಿಸಲಿಲ್ಲ. ಕಳಿಸಿದವರು ಮನುಷ್ಯರು, ಅದೂ ದೋಷಗಳ ಸುಳಿವು ಸಿಕ್ಕ ಮೇಲೂ. ಆದರೆ ಕೊಳ್ಳುವವರು ಏನನ್ನು ಅಳೆದರು ಎಂಬುದನ್ನು ಆ ಪಟ್ಟಿ ತೋರಿಸುತ್ತದೆ. ಕೆಟ್ಟರೆ ಹಣ ಯಾರದು ಎಂಬ ಪ್ರಶ್ನೆಗೆ ಅವರು ಬಹಳ ಬೆಲೆ ಕೊಟ್ಟರು. ಪರದೆ ಒಂದು ಹೇಳಿ ಕೌಂಟರಿನ ಹಿಂದಿರುವವನು ಇನ್ನೊಂದು ಹೇಳಿದರೆ ಯಾರನ್ನು ನಂಬುವುದು, ದಾಖಲೆಯನ್ನು ಅವನ ಕೈಗೆ ಕೊಡುವವರು ಯಾರು ಎಂಬ ಪ್ರಶ್ನೆಗೆ ಬೆಲೆ ಇರಲಿಲ್ಲ. ಸರಕಾರದಿಂದ ಗುತ್ತಿಗೆದಾರನಿಗೆ ದಾಟಿದೆ ಎಂದುಕೊಂಡ ಅಪಾಯ ಕೊನೆಗೆ ಇಳಿದದ್ದು ಟೆಂಡರಿನಲ್ಲಿ ಯಾವ ಪಾತ್ರವೂ ಇಲ್ಲದವರ ಮೇಲೆ.

ಟೆಂಡರ್ ದಾಖಲೆಗಳನ್ನು ನಾವು ಬೇಸರದ ಓದು ಎಂದು ಬದಿಗಿಡುತ್ತೇವೆ. ಅವುಗಳಲ್ಲಿ ಒಂದು ವಾಕ್ಯವನ್ನು ಮಾತ್ರ ಹುಡುಕುವುದು ನನಗೀಗ ಅಭ್ಯಾಸವಾಗಿದೆ: ಯಂತ್ರ ತಪ್ಪಿದಾಗ ಅದನ್ನು ಸಾಬೀತು ಮಾಡುವ ಹೊಣೆ ಯಾರದು? ಬಹಳಷ್ಟು ಸಲ ಅದು ಸಿಗುವುದಿಲ್ಲ.