ಟ್ಯಾಪೆಟ್ಟಿನ ಟಕಟಕ

ಮೈಸೂರಿನಿಂದ ಊಟಿಗೆ ಹೊರಟವರಿಗೆ ನಂಜನಗೂಡು ದಾಟಿದ ಮೇಲೆ, ಗುಂಡ್ಲುಪೇಟೆಗೆ ಮೊದಲು ಸಿಗುವ ಊರು ಬೇಗೂರು. ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಬಂಡೀಪುರದ ಮೂಲಕ ನೀಲಗಿರಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಕಡೆಗೆ. ಎತ್ತ ತಿರುಗಿದರೂ ಮುಂದೆ ಕಾಡು. ಮಸಿನಗುಡಿಯ ದಾರಿ ಹಿಡಿದರೆ ಕಲ್ಲಟ್ಟಿ ಘಟ್ಟದ 36 ಹೇರ್‌ಪಿನ್ ತಿರುವುಗಳು. ಅಂಬಾಸಿಡರ್, ಫಿಯಟ್ ಕಾರುಗಳ ಕಾಲದಲ್ಲಿ ಎಂಜಿನ್ನಿನಿಂದ ‘ಟಕಟಕ’ ಎಂಬ ಸದ್ದು ಹೊರಟರೆ ಅದು ಯಾವುದರದು ಎಂದು ಬಯಲಿನಲ್ಲೇ ತೀರ್ಮಾನಿಸಬೇಕಿತ್ತು. ಅದು ಟ್ಯಾಪೆಟ್ಟಿನ ಸದ್ದಾದರೆ ಪ್ರಯಾಣ ಮುಂದುವರಿಸಬಹುದು. ಬೇರಿಂಗಿನದಾದರೆ ಘಟ್ಟದ ನಡುವೆ ಎಂಜಿನ್ ಹಾಳಾಗಿ ನಿಲ್ಲುವುದು ಖಂಡಿತ.

ಕರ್ನಾಟಕದ ಮಟ್ಟಿಗೆ ಈ ಸದ್ದಿನ ಕತೆಗೆ ಒಂದು ವಿಚಿತ್ರ ಹಿನ್ನೆಲೆ ಉಂಟು. ಬೆಂಗಳೂರಿನಲ್ಲಿ ಮೋಟಾರು ಕಾರಿನ ಕಾರ್ಖಾನೆ ತೆರೆಯಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಬ್ರಿಟಿಷ್ ಸರ್ಕಾರದ ಸಹಕಾರ ಸಿಗದೆ ಯೋಜನೆ ಕೈಗೂಡಲಿಲ್ಲ. 1940ರಲ್ಲಿ ವಾಲ್‌ಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಕಟ್ಟಿದ್ದು ವಿಮಾನದ ಕಾರ್ಖಾನೆಯನ್ನು. ಅವರ ಕಾರಿನ ಕಂಪನಿ, ಪ್ರೀಮಿಯರ್ ಆಟೋಮೊಬೈಲ್ಸ್, 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಮುಂದೆ ಫಿಯಟ್ ಕಾರು ತಯಾರಾದದ್ದು ಅಲ್ಲಿಯೇ. ಅಂಬಾಸಿಡರ್ ಬಂದದ್ದು ಬಂಗಾಳದ ಉತ್ತರಪಾರಾದಿಂದ.

ಈ ನೆಲದಲ್ಲೇ ತಯಾರಾಗಿ ಹೆಸರು ಮಾಡಿದ ಎರಡು ವಾಹನಗಳಲ್ಲಿ ಟ್ಯಾಪೆಟ್ಟೇ ಇರಲಿಲ್ಲ. 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ ಟೂ ಸ್ಟ್ರೋಕ್ ಬೈಕು. ಅದರಲ್ಲಿ ವಾಲ್ವ್ ಬದಲು ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ, ಪಿಸ್ಟನ್ನೇ ಅವನ್ನು ಮುಚ್ಚಿ ತೆರೆಯುತ್ತದೆ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರು ಬ್ಯಾಟರಿಯದು, ಅದಕ್ಕೆ ಎಂಜಿನ್ನೇ ಇಲ್ಲ. ಹೀಗಾಗಿ ಇಲ್ಲಿನ ಮೆಕ್ಯಾನಿಕ್ಕುಗಳು ಟ್ಯಾಪೆಟ್ಟಿನ ಪಾಠ ಕಲಿತದ್ದೆಲ್ಲ ಹೊರಗಿನಿಂದ ಬಂದ ಕಾರುಗಳ ಮೇಲೆ.

ಸಂದು ಏಕೆ ಬೇಕು?

ಸಿಲಿಂಡರಿಗೆ ಪೆಟ್ರೋಲ್ ಬೆರೆತ ಗಾಳಿಯನ್ನು ಒಳಬಿಡಲು ಒಂದು, ಹೊಗೆಯನ್ನು ಹೊರಬಿಡಲು ಇನ್ನೊಂದು ವಾಲ್ವ್ ಇರುತ್ತದೆ. ಕ್ಯಾಮ್ ಶಾಫ್ಟಿನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್ ರಾಡನ್ನು, ಪುಶ್ ರಾಡ್ ರಾಕರನ್ನು ಎತ್ತುತ್ತದೆ. ಏತದ ಮರದಂತೆ ರಾಕರಿನ ಒಂದು ತುದಿ ಮೇಲೆದ್ದಾಗ ಇನ್ನೊಂದು ತುದಿ ವಾಲ್ವನ್ನು ಕೆಳಕ್ಕೆ ಒತ್ತುತ್ತದೆ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವ್ 1,000 ಸಲ ತೆರೆದು ಮುಚ್ಚುತ್ತದೆ.

ಬಿಸಿಯಾದ ಲೋಹ ಹಿಗ್ಗುತ್ತದೆ, ವಾಲ್ವೂ ಉದ್ದವಾಗುತ್ತದೆ. ಅದಕ್ಕೆಂದೇ ರಾಕರ್ ಮತ್ತು ವಾಲ್ವಿನ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಹಳೆಯ ಕಾರುಗಳಲ್ಲಿ ಅದು ಅಂಗುಲದ ಸಾವಿರದಲ್ಲಿ ಹತ್ತು ಹದಿನೈದು ಭಾಗದ ಆಸುಪಾಸು. ಸಂದು ಹೆಚ್ಚಾದರೆ ರಾಕರ್ ವಾಲ್ವನ್ನು ಕುಟ್ಟುತ್ತದೆ, ಅದೇ ಟಕಟಕ. ಸಂದು ತೀರಾ ಕಡಿಮೆಯಾದರೆ ಸದ್ದೇನೋ ಅಡಗುತ್ತದೆ, ಆದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ವಾಲ್ವ್ ತನ್ನ ಕಾವನ್ನು ಬಿಟ್ಟುಕೊಡುವುದು ಮುಖ್ಯವಾಗಿ ಸೀಟಿನ ಮೇಲೆ ಕೂತಾಗ. ಕೂರಲಾಗದ ವಾಲ್ವ್ ಸುಟ್ಟುಹೋಗುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದೇ ಇಲ್ಲದ ಟ್ಯಾಪೆಟ್ಟಿಗೆ ಹೆಚ್ಚು ಹೆದರಬೇಕು ಎಂದು ಅನುಭವಿಗಳು ಎಚ್ಚರಿಸುತ್ತಿದ್ದುದು ಇದಕ್ಕೇ.

ಕಿವಿಗೊಟ್ಟು ಕೇಳುವುದು

ಎದೆಯ ಸದ್ದು ಕೇಳಲು ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದ ಸುತ್ತಿ ಕೊಳವೆ ಮಾಡಿಕೊಂಡ. ಸ್ಟೆಥಾಸ್ಕೋಪ್ ಹುಟ್ಟಿದ್ದು ಹಾಗೆ. ಮೆಕ್ಯಾನಿಕ್ಕಿಗೆ ಆ ಕೆಲಸಕ್ಕೆ ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಯ ಹತ್ತಿರ ಒತ್ತಿಕೊಂಡರೆ ಸದ್ದು ಮೇಲಿನ ಹೆಡ್ಡಿನದೋ, ಮುಂದಿನ ಟೈಮಿಂಗ್ ಚೈನಿನದೋ, ಕೆಳಗಿನ ಬೇರಿಂಗಿನದೋ ತಿಳಿಯುತ್ತದೆ.

ಎರಡನೆಯ ಗುರುತು ಸದ್ದಿನ ತಾಳ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ತಿರುಗುವುದು ಒಂದೇ ಸುತ್ತು. ಆದ್ದರಿಂದ ಟ್ಯಾಪೆಟ್ಟಿನ ಸದ್ದು ಎಂಜಿನ್ನಿನ ಅರ್ಧ ವೇಗದಲ್ಲಿ, ಹಗುರವಾಗಿ, ಚುರುಕಾಗಿ ಕೇಳುತ್ತದೆ. ಬೇರಿಂಗಿನ ಹೊಡೆತ ಭಾರವಾದದ್ದು, ಏರಿನಲ್ಲಿ ಎಂಜಿನ್ನಿಗೆ ಹೊರೆ ಬಿದ್ದಾಗ ಜೋರಾಗುತ್ತದೆ. ಅನುಮಾನ ಉಳಿದರೆ ಒಂದೊಂದೇ ಸಿಲಿಂಡರಿನ ಪ್ಲಗ್ಗಿಗೆ ಕಿಡಿ ತಪ್ಪಿಸಿ ನೋಡುತ್ತಿದ್ದರು. ಬೇರಿಂಗಿನ ಸದ್ದಾದರೆ ಆಗ ತಗ್ಗುತ್ತದೆ, ಟ್ಯಾಪೆಟ್ಟಿನದು ಬದಲಾಗುವುದಿಲ್ಲ. ಇನ್ನೊಂದು ಮೋಸವೂ ಉಂಟು. ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೂ ಟ್ಯಾಪೆಟ್ಟಿನಂತೆಯೇ ಟಿಕ್ ಟಿಕ್ ಎನ್ನುತ್ತದೆ. ಆದರೆ ಎಂಜಿನ್ ಬಿಸಿಯಾದಂತೆ ಅದು ಎಷ್ಟೋ ಸಲ ತಾನಾಗಿ ನಿಲ್ಲುತ್ತದೆ.

ಒಂಬತ್ತರ ಲೆಕ್ಕ

ಅಂಬಾಸಿಡರ್ ಮೊದಲು ಬಂದಾಗ ಅದರ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿದ್ದವು. 1959ರಲ್ಲಿ ಬಂದ 1489 ಸಿ.ಸಿ. ಎಂಜಿನ್ನಿನಲ್ಲಿ ಅವು ತಲೆಯ ಮೇಲೇರಿದವು. ಅದರ ಎಂಟು ವಾಲ್ವ್‌ಗಳನ್ನು ಹೊಂದಿಸಲು ಸುಲಭದ ಲೆಕ್ಕವೊಂದಿತ್ತು. ಪೂರ್ತಿ ತೆರೆದಿರುವ ವಾಲ್ವಿನ ಸಂಖ್ಯೆಯನ್ನು ಒಂಬತ್ತರಿಂದ ಕಳೆಯಬೇಕು. ಎಂಟನೆಯದು ತೆರೆದಿದ್ದರೆ ಒಂದನೆಯದನ್ನು, ಆರನೆಯದು ತೆರೆದಿದ್ದರೆ ಮೂರನೆಯದನ್ನು ಹೊಂದಿಸಬೇಕು. ಪುಸ್ತಕ ಓದದವರಿಗೂ ಈ ಲೆಕ್ಕ ಬಾಯಿಪಾಠವಾಗುತ್ತಿತ್ತು.

ಆಗ ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಹಳೆಯ ಎಂಜಿನ್ನನ್ನೇ ಬಿಚ್ಚಿ, ಬೋರ್ ಮಾಡಿಸಿ, ಮತ್ತೆ ಜೋಡಿಸಿ ಓಡಿಸುತ್ತಿದ್ದರು. ಕೆಲವರು ಅದನ್ನು ಮನೆಯಂಗಳದಲ್ಲೇ ಮಾಡುತ್ತಿದ್ದರು. ಹೀಗೆ ಕೈಯಾರೆ ಜೋಡಿಸಿದ ಎಂಜಿನ್ ಸದ್ದು ಮಾಡಿದರೆ ಮೊದಲು ನೋಡಬೇಕಾದ್ದು ಜೋಡಣೆಯ ತಪ್ಪುಗಳನ್ನು. ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿದರೆ ಸಂದು ಬದಲಾಗುತ್ತದೆ. ರಾಕರ್ ಶಾಫ್ಟಿನ ಎಣ್ಣೆಯ ತೂತು ಕಟ್ಟಿಕೊಂಡರೆ ರಾಕರುಗಳು ಒಣಗಿ ಸವೆಯುತ್ತವೆ. ಹಳೆಯ ಟ್ಯಾಪೆಟ್ಟುಗಳನ್ನು ಅದಲುಬದಲು ಮಾಡಿ ಕೂರಿಸಿದರೆ ಕ್ಯಾಮಿನ ಉಬ್ಬುಗಳು ತಿಂದುಹೋಗುತ್ತವೆ.

ಫೀಲರ್ ಗೇಜ್ ಕೂಡ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ರಾಕರಿನ ಮುಖದಲ್ಲಿ ವಾಲ್ವ್ ಬಡಿದೂ ಬಡಿದೂ ಗುಳಿ ಬಿದ್ದಿದ್ದರೆ ಗೇಜಿನ ಎಲೆ ಗುಳಿಯ ಮೇಲೆ ಸೇತುವೆಯಂತೆ ನಿಲ್ಲುತ್ತದೆ. ಅಳತೆ ಸರಿಯಿದ್ದರೂ ಸಂದು ಹೆಚ್ಚೇ ಇರುತ್ತದೆ. ಆಗ ಕೈಲಿರುವ ಗೇಜನ್ನು ನಂಬದೆ ಕಿವಿಯನ್ನು ನಂಬಿದವರೇ ಗೆದ್ದರು.

ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವ ವ್ಯವಸ್ಥೆ 1930ರ ಕ್ಯಾಡಿಲಾಕ್ ವಿ-16 ಕಾರಿನಲ್ಲೇ ಇತ್ತು. ಅದು ಸಾಮಾನ್ಯರ ಕಾರುಗಳಿಗೆ ಬರಲು ದಶಕಗಳೇ ಹಿಡಿದವು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಈಗ ಬೇಗೂರಿನ ಮೇಲೆ ಹಾದುಹೋಗುವ ಹೊಸ ಕಾರುಗಳಲ್ಲಿ ದೋಷವಿದ್ದರೆ ಎದುರಿನ ಫಲಕದಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಆದರೆ ಸವೆದ ರಾಕರಿಗೆ, ಸಡಿಲವಾದ ಚೈನಿಗೆ ಯಾವ ದೀಪವೂ ಮೊದಲು ಹೊತ್ತುವುದಿಲ್ಲ. ಅದು ಕಿವಿಗೇ ಮೊದಲು ತಿಳಿಯುವುದು.