ವಿಶ್ವವಿದ್ಯಾಲಯ–ಉದ್ಯಮ ಸಹಯೋಗ

ಉನ್ನತ ಶಿಕ್ಷಣ ಸಂಸ್ಥೆಗಳೂ ಉದ್ದಿಮೆಗಳೂ ಕೂಡಿ ಹೊಸ ವಸ್ತು, ವಿಧಾನ, ಯಂತ್ರ ಅಥವಾ ಔಷಧಿಯನ್ನು ರೂಪಿಸಿ ಬಳಕೆಗೆ ತರಲು ಮಾಡಿಕೊಳ್ಳುವ ಏರ್ಪಾಡು. ಪ್ರಾಯೋಜಿತ ಸಂಶೋಧನೆ, ಪ್ರಾಧ್ಯಾಪಕರ ಸಲಹಾ ಸೇವೆ, ಪೇಟೆಂಟ್ ಪರವಾನಗಿ, ಅಧ್ಯಾಪಕರೇ ಹುಟ್ಟುಹಾಕುವ ಕಂಪನಿಗಳು, ಆವರಣದೊಳಗಿನ ಸಂಶೋಧನಾ ಉದ್ಯಾನಗಳು ಇದರ ಮುಖ್ಯ ರೂಪಗಳು. ವಿದ್ಯಾರ್ಥಿಗಳ ಇಂಟರ್ನ್‌ಶಿಪ್ಪನ್ನೂ ಕೆಲವರು ಇದರಲ್ಲಿ ಸೇರಿಸುವುದುಂಟು. ಅದು ತರಬೇತಿಯ ವಿಷಯವಾದ್ದರಿಂದ ಇಲ್ಲಿ ಕೈಬಿಟ್ಟಿದೆ. ಸಹಿ ಹಾಕಿದ ಒಡಂಬಡಿಕೆಗಳ ಸಂಖ್ಯೆಯಿಂದ ಸಹಯೋಗವನ್ನು ಅಳೆಯುವ ರೂಢಿ ಇದೆ. ಆದರೆ ಪ್ರಯೋಗಶಾಲೆಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಪ್ರಯೋಗಶಾಲೆಗೆ ಹೋಗಿಬಂದ ಮನುಷ್ಯರನ್ನು ಹಿಂಬಾಲಿಸಿದರೆ ಹೆಚ್ಚು ತಿಳಿಯುತ್ತದೆ.

ಹಿನ್ನೆಲೆ

ಈ ಪದ್ಧತಿ ವ್ಯವಸ್ಥಿತವಾಗಿ ಬೇರೂರಿದ್ದು 19ನೆಯ ಶತಮಾನದ ಜರ್ಮನಿಯ ಬಣ್ಣದ ಉದ್ಯಮದಲ್ಲಿ. ಅದುವರೆಗೆ ಗಿಡದಿಂದ ತೆಗೆಯುತ್ತಿದ್ದ ನೀಲಿ (ಇಂಡಿಗೊ) ಬಣ್ಣವನ್ನು ರಸಾಯನ ವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ 1880ರಲ್ಲಿ ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದರು. ಅದು ಲಾಭದಾಯಕ ಸರಕಾಗಿ ಬಿಎಎಸ್‌ಎಫ್ ಕಂಪನಿಯಿಂದ ಹೊರಬಂದದ್ದು 1897ರಲ್ಲಿ. ಅದೂ ಬೇಯರ್ ತೋರಿದ ದಾರಿಯಲ್ಲಲ್ಲ, ಜ್ಯೂರಿಚ್‌ನ ಕಾರ್ಲ್ ಹಾಯ್ಮನ್ ಕಂಡುಕೊಂಡ ದಾರಿಯಲ್ಲಿ. ನಡುವಿನ 17 ವರ್ಷಗಳ ವೆಚ್ಚವನ್ನು ಭರಿಸಿದ್ದು ಉದ್ಯಮ, ಪೆಟ್ಟು ತಿಂದವರು ಬಿಹಾರದ ನೀಲಿ ಬೆಳೆಗಾರರು. 1908ರಲ್ಲಿ ಕಾರ್ಲ್ಸ್‌ರೂಹ ತಾಂತ್ರಿಕ ವಿದ್ಯಾಲಯದ ಫ್ರಿಟ್ಜ್ ಹೇಬರ್ ಇದೇ ಕಂಪನಿಯೊಡನೆ ಅಮೋನಿಯಾ ಸಂಶ್ಲೇಷಣೆಗಾಗಿ ಒಪ್ಪಂದ ಮಾಡಿಕೊಂಡರು. ಮರುವರ್ಷ ಪ್ರಾತ್ಯಕ್ಷಿಕೆ ನಡೆಯಿತು, 1913ರಲ್ಲಿ ಓಪ್ಪಾವು ಕಾರ್ಖಾನೆ ಕೆಲಸ ಆರಂಭಿಸಿತು.

ಅಮೆರಿಕದಲ್ಲಿ ವಿಟಮಿನ್ ಡಿ ಪೇಟೆಂಟಿನ ಆದಾಯವನ್ನು ನಿರ್ವಹಿಸಲು 1925ರಲ್ಲಿ ವಿಸ್ಕಾನ್ಸಿನ್ ಹಳೆ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನ ಹುಟ್ಟಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 1951ರಲ್ಲಿ ತನ್ನ ಜಮೀನಿನಲ್ಲೇ ಕೈಗಾರಿಕಾ ಉದ್ಯಾನ ತೆರೆಯಿತು. 1980ರ ಬೇ–ಡೋಲ್ ಕಾಯಿದೆ ಸರ್ಕಾರಿ ಹಣದಲ್ಲಿ ನಡೆದ ಶೋಧದ ಒಡೆತನವನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ನಂತರದ ಬೆಳವಣಿಗೆಯನ್ನೆಲ್ಲ ಈ ಕಾಯಿದೆಗೇ ಕಟ್ಟುವ ವಾಡಿಕೆ ಇದೆಯಾದರೂ ಅದನ್ನು ಎಚ್ಚರದಿಂದ ಒಪ್ಪಬೇಕು. ಜೈವಿಕ ತಂತ್ರಜ್ಞಾನಕ್ಕೆ ಬುನಾದಿಯಾದ ಕೋಹೆನ್–ಬೋಯರ್ ಡಿಎನ್‌ಎ ಪೇಟೆಂಟಿಗೆ ಸ್ಟ್ಯಾನ್‌ಫರ್ಡ್ ಅರ್ಜಿ ಹಾಕಿದ್ದು ಕಾಯಿದೆಗೆ ಮುಂಚೆಯೇ, 1974ರಲ್ಲಿ.

ಮೈಸೂರಿನ ಗಂಧದೆಣ್ಣೆ

ಭಾರತದಲ್ಲಿ ಈ ಸಹಯೋಗದ ಮೊದಲ ದೊಡ್ಡ ಫಲಗಳಲ್ಲಿ ಒಂದು ಮೈಸೂರು ಸಂಸ್ಥಾನದ್ದು. ಇಲ್ಲಿ ಉದ್ಯಮಿಯ ಪಾತ್ರ ವಹಿಸಿದ್ದು ಸರ್ಕಾರವೇ ಎಂಬುದು ಗಮನಾರ್ಹ. ಜೆ. ಎನ್. ಟಾಟಾ ಅವರ ದತ್ತಿಯಿಂದ ರೂಪುಗೊಂಡ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಸಂಸ್ಥಾನ ಅದಕ್ಕೆ 371 ಎಕರೆ ಭೂಮಿ ಕೊಟ್ಟಿತ್ತು. 1911ರಲ್ಲಿ ಪಾಠ ಆರಂಭಿಸಿದಾಗ ಇದ್ದ ವಿಭಾಗಗಳಲ್ಲಿ ರಸಾಯನಶಾಸ್ತ್ರದ್ದೇ ಮೇಲುಗೈ. ಅದರ ಜೊತೆಗಿದ್ದದ್ದು ವಿದ್ಯುತ್ ತಂತ್ರಜ್ಞಾನ.

ಶ್ರೀಗಂಧದ ಮರ ಸಂಸ್ಥಾನದ ಏಕಸ್ವಾಮ್ಯದಲ್ಲಿತ್ತು. ಕಡಿದು, ಹೊರಮರ ಕೆತ್ತಿ, ಚೇಗು ಮತ್ತು ಬೇರುಗಳನ್ನು ದರ್ಜೆವಾರು ವಿಂಗಡಿಸಿ ಗಂಧದ ಕೋಠಿಗಳಲ್ಲಿ ಹರಾಜು ಹಾಕುತ್ತಿದ್ದರು. ಕೊಂಡವರು ಅದನ್ನು ಯೂರೋಪಿಗೆ, ಬಹುಪಾಲು ಜರ್ಮನಿಗೆ ಸಾಗಿಸುತ್ತಿದ್ದರು. ಎಣ್ಣೆ ಇಳಿಯುತ್ತಿದ್ದದ್ದು ಅಲ್ಲಿ. 1914ರಲ್ಲಿ ಮಹಾಯುದ್ಧ ಶುರುವಾದೊಡನೆ ಈ ಮಾರುಕಟ್ಟೆ ಮುಚ್ಚಿತು, ಮರ ಕೋಠಿಗಳಲ್ಲೇ ಉಳಿಯಿತು, ಖಜಾನೆಗೆ ಬರುತ್ತಿದ್ದ ಹಣ ಕುಸಿಯಿತು. ಆಗ ಎಂ. ವಿಶ್ವೇಶ್ವರಯ್ಯ ದಿವಾನರು, ಕೈಗಾರಿಕಾ ಇಲಾಖೆಯ ಹೊಣೆ ಆಲ್ಫ್ರೆಡ್ ಚಾಟರ್ಟನ್ ಅವರದು. ಮರವನ್ನು ಇಲ್ಲೇ ಬಟ್ಟಿ ಇಳಿಸಬಹುದೇ ಎಂಬ ಪ್ರಶ್ನೆ ವಿಜ್ಞಾನ ಸಂಸ್ಥೆಯ ಜೆ. ಜೆ. ಸಡ್‌ಬರೊ ಮತ್ತು ಎಚ್. ಇ. ವಾಟ್ಸನ್ ಅವರ ಮುಂದೆ ಬಂತು.

ಪ್ರಶ್ನೆ ಕಂಡಷ್ಟು ಸುಲಭದ್ದಲ್ಲ. ಗಂಧದೆಣ್ಣೆಯ ಜೀವಾಳ ಸ್ಯಾಂಟಲಾಲ್ ಎಂಬ ಆಲ್ಕೊಹಾಲುಗಳು. ಅವುಗಳ ಕುದಿಬಿಂದು ಸುಮಾರು 300 ಡಿಗ್ರಿ ಸೆಲ್ಸಿಯಸ್. ಅಷ್ಟು ಕಾಯಿಸಿದರೆ ಎಣ್ಣೆ ಕೆಡುತ್ತದೆ. ಹಾಗಾಗಿ ಮರದ ಪುಡಿಯೊಳಗೆ ಹಬೆ ಹಾಯಿಸುತ್ತಾರೆ. ನೀರು ಮತ್ತು ಎಣ್ಣೆ ಒಂದರಲ್ಲೊಂದು ಕರಗುವುದಿಲ್ಲವಾದ್ದರಿಂದ ಎರಡರ ಆವಿಯೊತ್ತಡಗಳು ಕೂಡಿಕೊಂಡು, ಮಿಶ್ರಣ 100 ಡಿಗ್ರಿಗಿಂತ ತುಸು ಕಡಿಮೆಯಲ್ಲೇ ಕುದಿಯುತ್ತದೆ. ಆದರೆ ಆ ಉಷ್ಣತೆಯಲ್ಲಿ ಸ್ಯಾಂಟಲಾಲಿನ ಪಾಲಿನ ಒತ್ತಡ ಅತ್ಯಲ್ಪ. ಸ್ವಲ್ಪ ಎಣ್ಣೆ ಮೇಲೇರಲು ಬಹಳಷ್ಟು ಹಬೆ ಬೇಕು. ಒಮ್ಮೆ ತುಂಬಿದ ಪುಡಿಯಿಂದ ಎಣ್ಣೆ ಇಳಿದು ಮುಗಿಯಲು ದಿನಗಟ್ಟಲೆ ಹಿಡಿಯುತ್ತದೆ. ಮೊದಲು ಹಗುರ ಅಂಶಗಳೂ ಬಹಳ ತಡವಾಗಿ ಭಾರದ ಅಂಶಗಳೂ ಇಳಿಯುವುದರಿಂದ, ಆತುರಪಟ್ಟು ನಿಲ್ಲಿಸಿದರೆ ಇಳುವರಿ ಮಾತ್ರವಲ್ಲ, ಗುಣವೂ ಹಾಳು. ಅಂದಿನ ಯೂರೋಪಿನಲ್ಲಿ ಈ ಎಣ್ಣೆ ಸುಗಂಧಕ್ಕಷ್ಟೇ ಅಲ್ಲದೆ ಗೊನೋರಿಯಾದಂತಹ ರೋಗಗಳ ಔಷಧಿಯಾಗಿಯೂ ಮಾರಾಟವಾಗುತ್ತಿತ್ತು. ಹೀಗಾಗಿ ಕೊಳ್ಳುವವರು ಕೇಳುತ್ತಿದ್ದದ್ದು ಔಷಧಕೋಶದ ಮಟ್ಟದ, ಸುಮಾರು ಶೇ. 90 ಸ್ಯಾಂಟಲಾಲ್ ಇರುವ ಸರಕು. ಮೈಸೂರಿನ ಎಣ್ಣೆ ಆ ಮಟ್ಟದ್ದೆಂದು ಅಳೆದು ಹೇಳಬಲ್ಲ ಪ್ರಯೋಗಶಾಲೆ ಪಕ್ಕದಲ್ಲೇ ಇತ್ತು. ಬಟ್ಟಿ ಇಳಿಸುವ ವಿಧಾನಕ್ಕಿಂತ ಈ ಪರೀಕ್ಷಾ ಸಾಮರ್ಥ್ಯವೇ ಸಂಸ್ಥೆಯ ದೊಡ್ಡ ಕೊಡುಗೆ ಎಂದು ವಾದಿಸಲು ಅವಕಾಶವಿದೆ.

ಸಂಸ್ಥೆಯಲ್ಲಿ ಪ್ರಯೋಗ ಫಲಿಸಿದ ಮೇಲೆ 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಉತ್ಪಾದನೆ ಶುರುವಾಯಿತು; ಹಿಂದೆಯೇ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಎಣ್ಣೆ ಸಿಕ್ಕ ಮೇಲೆ ಸಾಬೂನಿನ ಯೋಚನೆ ಬಂತು. ಅದರ ಆರಂಭದ ಪ್ರಯೋಗಗಳಿಗೂ ವಿಜ್ಞಾನ ಸಂಸ್ಥೆಯ ಆವರಣವೇ ನೆಲೆ. ಅವುಗಳಲ್ಲಿ ತೊಡಗಿದ್ದ ಸೋಸಲೆ ಗರಳಪುರಿ ಶಾಸ್ತ್ರಿ ಅವರನ್ನು ಸರ್ಕಾರ ಸಾಬೂನು ತಂತ್ರಜ್ಞಾನ ಕಲಿಯಲು ಇಂಗ್ಲೆಂಡಿಗೆ ಕಳುಹಿಸಿತು. ಮರಳಿ ಬಂದ ಅವರು ಕಾರ್ಖಾನೆ ಕಟ್ಟಿದರು, ಗಂಧದ ಪರಿಮಳದ ಹದ ಕಂಡುಕೊಂಡರು, ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದರು. ಹೀಗೆ ಬಂದ ಮೈಸೂರು ಸ್ಯಾಂಡಲ್ ಸೋಪಿನ ಆರಂಭವನ್ನು ಕೆಲವು ಆಧಾರಗಳು 1916ಕ್ಕೂ ಕೆಲವು 1918ಕ್ಕೂ ಹೇಳುತ್ತವೆ. ಮೊದಲನೆಯದು ಎಣ್ಣೆಗೆ, ಎರಡನೆಯದು ಸಾಬೂನಿಗೆ ಸರಿಹೊಂದುತ್ತದೆಂದು ತೋರುತ್ತದೆ. 1980ರಲ್ಲಿ ಈ ಉದ್ಯಮ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವಾಯಿತು.

ವಿಮಾನ ಮತ್ತು ಸಿಂಪ್ಯೂಟರ್

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ಎರಡು ವರ್ಷಗಳಲ್ಲೇ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಕಂಪನಿಯಿಂದ ವಿಭಾಗಕ್ಕೆ ಬಂದು ಪಾಠ ಮಾಡಿದ ವಿ. ಎಂ. ಘಾಟಗೆ ಮತ್ತೆ ಕಂಪನಿಗೆ ಹಿಂದಿರುಗಿ ಎಚ್‌ಟಿ–2 ತರಬೇತಿ ವಿಮಾನ ವಿನ್ಯಾಸಗೊಳಿಸಿದರು. ಅದು 1951ರಲ್ಲಿ ಹಾರಿತು.

ಸಂಸ್ಥೆ 1975ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಲಹಾ ಕೇಂದ್ರವನ್ನು ತೆರೆದು ಇಂಥ ಕೆಲಸಕ್ಕೆ ಕಚೇರಿಯ ರೂಪ ಕೊಟ್ಟಿತು. ಹೆಚ್ಚು ಮಾತಿಗೆ ಗ್ರಾಸವಾದದ್ದು ಸಿಂಪ್ಯೂಟರ್. ಸಂಸ್ಥೆಯ ಗಣಕ ವಿಜ್ಞಾನದ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೊಡನೆ ಸೇರಿ ಅಗ್ಗದ, ಅಂಗೈಯಲ್ಲಿ ಹಿಡಿಯುವ ಗಣಕವನ್ನು ರೂಪಿಸಿ 2001ರಲ್ಲಿ ಪ್ರದರ್ಶಿಸಿದರು. ಓದುಬರಹ ಬಾರದವರೂ ಬಳಸುವಂತೆ ಭಾರತೀಯ ಭಾಷೆಗಳಲ್ಲಿ ಪಠ್ಯ ಓದಿ ಹೇಳುವ ತಂತ್ರಾಂಶ ಅದರಲ್ಲಿತ್ತು. ಹಲವರು ಹಂಚಿಕೊಂಡು ಬಳಸಲು ಸ್ಮಾರ್ಟ್ ಕಾರ್ಡ್ ವ್ಯವಸ್ಥೆಯಿತ್ತು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂತು. ಅಲುಗಾಟವನ್ನು ಗುರುತಿಸುವ ಸಂವೇದಕವೂ ಅದಕ್ಕಿತ್ತು. ಮಾರಾಟ ನಿರೀಕ್ಷೆ ಮುಟ್ಟಲಿಲ್ಲ. ಸೋಲಿಗೆ ಬೆಲೆ ಮತ್ತು ಮೊಬೈಲುಗಳ ಪೈಪೋಟಿಯನ್ನು ಕಾರಣವಾಗಿ ಹೇಳುತ್ತಾರೆ. ಗಂಧದೆಣ್ಣೆಗೆ ಇದ್ದಂಥ ಖಚಿತ ಗಿರಾಕಿ ಇದಕ್ಕೆ ಇರಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಇದೇ ನಾಲ್ವರು 2000ದಲ್ಲಿ ಆರಂಭಿಸಿದ ಸ್ಟ್ರ್ಯಾಂಡ್ ಜೀನೋಮಿಕ್ಸ್ ಕಂಪನಿ ಉಳಿದು ಬೆಳೆಯಿತು.

ಒಡೆತನ ಮತ್ತು ಆಕ್ಷೇಪಗಳು

ಒಪ್ಪಂದಗಳು ಸಾಮಾನ್ಯವಾಗಿ ಎರಡು ಬಗೆಯ ಬೌದ್ಧಿಕ ಆಸ್ತಿಯನ್ನು ಬೇರೆಯಾಗಿ ನೋಡುತ್ತವೆ: ಎರಡೂ ಕಡೆಯವರು ಮೊದಲೇ ತಂದದ್ದು, ಯೋಜನೆಯಲ್ಲಿ ಹೊಸದಾಗಿ ಹುಟ್ಟಿದ್ದು. ಜಗಳ ಬರುವುದು ಹೆಚ್ಚಾಗಿ ಎರಡರ ಗಡಿಯಲ್ಲಿ. ಇನ್ನೊಂದು ತಿಕ್ಕಾಟ ಪ್ರಕಟಣೆಯದು. ಪೇಟೆಂಟ್ ಅರ್ಜಿಗೆ ಮುಂಚೆ ಪ್ರಬಂಧ ಅಚ್ಚಾದರೆ ಹೊಸತನದ ಹಕ್ಕು ತಪ್ಪುವ ಸಂಭವವಿರುವುದರಿಂದ ಕಂಪನಿಗಳು ಕಾಲಾವಕಾಶ ಕೇಳುತ್ತವೆ, ಪಿಎಚ್‌.ಡಿ. ವಿದ್ಯಾರ್ಥಿಗೆ ಅದು ದುಬಾರಿ. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ವಿಭಾಗ 1998ರಲ್ಲಿ ನೊವಾರ್ಟಿಸ್ ಕಂಪನಿಯೊಡನೆ ಐದು ವರ್ಷಕ್ಕೆ 2.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಾಗ, ಸಾರ್ವಜನಿಕ ವಿಶ್ವವಿದ್ಯಾಲಯದ ಒಂದು ಇಡೀ ವಿಭಾಗ ಒಂದೇ ಕಂಪನಿಯ ಹಂಗಿಗೆ ಬೀಳುತ್ತದೆಂಬ ವಿರೋಧ ಎದ್ದಿತು.

ಬೇ–ಡೋಲ್ ಮಾದರಿಯನ್ನು ಹೋಲುವ ಮಸೂದೆಯೊಂದು 2008ರಲ್ಲಿ ಭಾರತದ ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಕಡ್ಡಾಯ ಪೇಟೆಂಟಿನ ಒತ್ತಡ, ಔಷಧಿ ಬೆಲೆ ಮುಂತಾದ ಆಕ್ಷೇಪಗಳ ನಡುವೆ ಮುಂದೆ ಸಾಗದೆ 2014ರಲ್ಲಿ ಹಿಂತೆಗೆಯಲ್ಪಟ್ಟಿತು. ಅಂದಿನಿಂದ ಒಡೆತನ ಮತ್ತು ರಾಯಲ್ಟಿ ಹಂಚಿಕೆ ಮುಖ್ಯವಾಗಿ ಆಯಾ ಸಂಸ್ಥೆಯ ನಿಯಮಾವಳಿಗೂ ಅನುದಾನ ಕೊಡುವ ಇಲಾಖೆಯ ಷರತ್ತಿಗೂ ಬಿಟ್ಟ ವಿಷಯವಾಗಿ ಉಳಿದಿದೆ.